ಮನೆಯಲ್ಲಿ ಉಳಿಯುವ ಹಾಡು

ಶಬ್ದಕ್ಕೆ ಆಯುಸ್ಸು ಬಹಳ ಕಡಿಮೆ. ತಂಬೂರಿಯ ತಂತಿಯನ್ನು ಮೀಟಿದೊಡನೆ ಅದರ ಕಂಪನವು ಸುತ್ತಲಿನ ಗಾಳಿಗೆ ಹಬ್ಬಿ, ಸೆಕೆಂಡಿಗೆ ಸುಮಾರು 340 ಮೀಟರಿನಂತೆ ಓಡಿ, ಗೋಡೆಗೂ ಪರದೆಗೂ ಕೇಳುವವರ ಬಟ್ಟೆಗೂ ತಾಗಿ, ಅಳೆಯಲು ಕೂಡ ಕಷ್ಟವಾಗುವಷ್ಟು ಅಲ್ಪವಾದ ಶಾಖವಾಗಿ ಮುಗಿದುಹೋಗುವುದು. ತಂತಿಯನ್ನು ಬೆರಳಿನಿಂದ ಒತ್ತಿ ನಿಲ್ಲಿಸಿದರೆ, ಸಾಮಾನ್ಯವಾದ ಕೊಠಡಿಯೊಂದರಲ್ಲಿ ಉಳಿದ ನಾದವು ಅಡಗಲು ಒಂದು ಸೆಕೆಂಡು ಕೂಡ ಹಿಡಿಯದು. ಹೀಗೆ ಹುಟ್ಟಿದೊಡನೆ ಅಳಿಯುವ ವಸ್ತುವನ್ನು ಕೊಳ್ಳುವುದೆಂದರೇನು? ಅಂಗಡಿಯಲ್ಲಿ ಬೆಲ್ಲವನ್ನು ಕೊಂಡರೆ ಬೆಲ್ಲವೇ ಮನೆಗೆ ಬರುವುದು. ಹಾಡನ್ನು ಕೊಂಡಾಗ ಮನೆಗೆ ಬರುವುದು ಹಾಡಲ್ಲ. ಯಾವುದೋ ಒಂದು ಘನವಸ್ತುವಿನಲ್ಲಿ ಮೂಡಿಸಿದ ಅದರ ಗುರುತು. ಆ ಗುರುತಿನಿಂದ ಬೇಕಾದಾಗ ಹಾಡನ್ನು ಮತ್ತೆ ಹುಟ್ಟಿಸಿಕೊಳ್ಳಬಹುದು, ಅಷ್ಟೆ.

ಇಂದಿನ ವಿದ್ಯಾರ್ಥಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ತೋರಬಹುದು. ಬೀದರಿನ ಚಿದ್ರಿಯಲ್ಲಿಯೋ, ಭಾಲ್ಕಿಯಲ್ಲಿಯೋ, ಔರಾದಿನಲ್ಲಿಯೋ ಬಸ್ಸಿಗಾಗಿ ಕಾದು ನಿಂತ ಹುಡುಗನು ತನ್ನ ಫೋನಿನಲ್ಲಿ ಬೇಕಾದ ಹಾಡನ್ನು ಹುಡುಕಿ ಆಗಿಂದಾಗಲೇ ಕೇಳುತ್ತಾನೆ. ತಿಂಗಳಿಗಿಷ್ಟೆಂದು ಚಂದಾ ಕೊಡುತ್ತಾನೆ. ಇಲ್ಲವೆ ನಡುನಡುವೆ ಬರುವ ಜಾಹೀರಾತುಗಳನ್ನು ಸಹಿಸಿಕೊಳ್ಳುತ್ತಾನೆ. ಈ ವ್ಯವಸ್ಥೆಗೆ ಸ್ಟ್ರೀಮಿಂಗ್ ಎಂದು ಹೆಸರು. ಸ್ಟ್ರೀಮ್ ಎಂದರೆ ಹೊಳೆ. ಹೆಸರು ಬಹು ಯುಕ್ತವಾಗಿದೆ. ಹೊಳೆಯ ನೀರು ಮುಂದಕ್ಕೆ ಹರಿದುಹೋಗುವಂಥದು. ಕೊಡದಲ್ಲಿ ತುಂಬಿಟ್ಟುಕೊಂಡ ನೀರು ಮಾತ್ರ ಮನೆಯದು. (ಬೇಸಗೆಯಲ್ಲಿ ಕೊಡ ತುಂಬಿಡುವುದರ ಅರ್ಥವನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.) ಹಾಡಿನ ಗುರುತು ಯಾವ ವಸ್ತುವಿನಲ್ಲಿದೆ, ಆ ವಸ್ತು ಎಷ್ಟು ದಿನ ಬಾಳುವುದು, ಅದು ಯಾರ ಕೈಯಲ್ಲಿದೆ ಎಂಬ ಮೂರು ವಿಷಯಗಳನ್ನು ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗೆರೆಯಲ್ಲಿ ಕೊರೆದ ಹಾಡು

ಬೀದರಿನ ಬಿದ್ರಿ ಕುಶಲಕರ್ಮಿಯು ಕೆಲಸ ಮಾಡುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರಸಿದ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಗೆರೆಗಳನ್ನು ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಕೂಡಿಸಿ ಬಡಿಯುವನು. ಕೊನೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಿಂದ ಲೋಹವು ಕಪ್ಪಾಗುವುದು, ಬೆಳ್ಳಿ ಹೊಳೆಯುವುದು. ಕೈಯ ಚಲನೆಯು ಲೋಹದಲ್ಲಿ ಗೆರೆಯಾಗಿ ನಿಂತಿತು. ಕೈಯನ್ನು ತೆಗೆದರೂ ಗೆರೆ ಹೋಗಲಿಲ್ಲ. ಧ್ವನಿಮುದ್ರಣದ ಮೂಲತತ್ತ್ವವೂ ಇದೇ. ಇಲ್ಲಿ ಉಳಿಯನ್ನು ಅಲುಗಿಸುವುದು ಕೈಯಲ್ಲ, ಗಾಳಿಯ ಕಂಪನ.

1877ರಲ್ಲಿ ಅಮೆರಿಕದ ಎಡಿಸನ್ನನು ಉರುಳೆಯ ಮೇಲೆ ಸುತ್ತಿದ ತವರದ ತೆಳುಹಾಳೆಯಲ್ಲಿ ತನ್ನ ಮಾತನ್ನು ಹೀಗೆ ಗೀಚಿಸಿ, ಮತ್ತೆ ಕೇಳಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರನು ಉರುಳೆಯ ಬದಲು ಚಪ್ಪಟೆಯಾದ ತಟ್ಟೆಯನ್ನು ಬಳಸಿದನು. ಬದಲಾವಣೆ ಸಣ್ಣದೆಂದು ತೋರಿದರೂ ಪರಿಣಾಮ ದೊಡ್ಡದಾಯಿತು. ಚಪ್ಪಟೆಯಾದ ತಟ್ಟೆಯ ಅಚ್ಚನ್ನು ತೆಗೆದು, ಒಂದರಿಂದ ಸಾವಿರಾರು ತಟ್ಟೆಗಳನ್ನು ಒತ್ತಬಹುದಷ್ಟೆ. ಹಾಡು ಮಾರಾಟದ ವಸ್ತುವಾದದ್ದು ಇಲ್ಲಿಂದ.

ನಮ್ಮ ಹಿರಿಯರು ಪ್ಲೇಟು ಎಂದು ಕರೆಯುತ್ತಿದ್ದ ಆ ತಟ್ಟೆಯ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಲಾಭಕರ. ಅದು ಮಿನಿಟಿಗೆ 78 ಸುತ್ತು, ಅಂದರೆ ಸೆಕೆಂಡಿಗೆ 1.3 ಸುತ್ತು ತಿರುಗುವುದು. ಹೊರಗಿನ ಗೆರೆಯ ತ್ರಿಜ್ಯವನ್ನು 12 ಸೆಂಟಿಮೀಟರ್, ಒಳಗಿನದನ್ನು 5 ಸೆಂಟಿಮೀಟರ್ ಎಂದು ಹಿಡಿಯೋಣ. ಹೊರಗಿನ ಸುತ್ತಿನ ಉದ್ದ ಸುಮಾರು 75 ಸೆಂಟಿಮೀಟರ್. ಆದ್ದರಿಂದ ಅಲ್ಲಿ ಮುಳ್ಳಿನ ಕೆಳಗೆ ಗೆರೆಯು ಸೆಕೆಂಡಿಗೆ 98 ಸೆಂಟಿಮೀಟರಿನಂತೆ ಓಡುವುದು. ಒಳಗಿನ ಸುತ್ತಿನಲ್ಲಿ ಈ ವೇಗ 41 ಸೆಂಟಿಮೀಟರಿಗೆ ಇಳಿಯುವುದು. ಸೆಕೆಂಡಿಗೆ 1,000 ಕಂಪನಗಳುಳ್ಳ ಸ್ವರವೊಂದರ ಒಂದು ಅಲೆಗೆ ಹೊರಗಡೆ ಸುಮಾರು ಒಂದು ಮಿಲಿಮೀಟರ್ ಸ್ಥಳ ದೊರೆತರೆ, ಒಳಗಡೆ 0.4 ಮಿಲಿಮೀಟರ್ ಮಾತ್ರ. ಹಾಡಿನ ಆರಂಭಕ್ಕಿಂತ ಅಂತ್ಯವು ಒರಟಾಗಿ ಕೇಳಿಸುತ್ತಿದ್ದುದಕ್ಕೆ ಹಾಡುಗಾರರ ದಣಿವು ಕಾರಣವಲ್ಲ, ರೇಖಾಗಣಿತವೇ ಕಾರಣ. ಮೂರು ಮಿನಿಟಿನ ಹಾಡಿಗೆ 234 ಸುತ್ತುಗಳು. ಎಲ್ಲವನ್ನೂ ಬಿಚ್ಚಿ ನೆಟ್ಟಗೆ ಎಳೆದರೆ ಸುಮಾರು 125 ಮೀಟರ್ ಉದ್ದದ ಒಂದೇ ಗೆರೆ!

ಆ ತಟ್ಟೆಗಳ ಮುಖ್ಯ ದ್ರವ್ಯವು ನಮ್ಮ ದೇಶದ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ಅಂಟು ಇದು. ಅರಗಿಗೆ ನುಣ್ಣನೆಯ ಕಲ್ಲಿನ ಪುಡಿಯನ್ನು ಬೆರಸುತ್ತಿದ್ದರು. ಅದು ಉಕ್ಕಿನ ಮುಳ್ಳನ್ನು ಉಜ್ಜಿ ಗೆರೆಗೆ ಸರಿಹೊಂದುವಂತೆ ಮಾಡುತ್ತಿತ್ತು. ಮುಳ್ಳು ಸವೆಯುತ್ತಿತ್ತು, ಆದ್ದರಿಂದ ಪ್ರತಿ ಹಾಡಿಗೂ ಹೊಸ ಮುಳ್ಳು ಬೇಕು. ಗೆರೆಯೂ ಸವೆಯುತ್ತಿತ್ತು. ಅಂದಮೇಲೆ ಹಾಡನ್ನು ಕೇಳುವುದೆಂದರೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಅಳಿಸುವುದೆಂದೇ ಆಯಿತು. ಕೈಜಾರಿದರಂತೂ ಎರಡು ಹೋಳು.

1902ರ ನವೆಂಬರಿನಲ್ಲಿ ಕಲಕತ್ತೆಯ ಹೋಟೆಲೊಂದರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡನು. ಮೂಲವನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ತಟ್ಟೆಗಳನ್ನು ಒತ್ತಿಸಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯುವ ಬಗೆ ಹೇಗೆ? ಅದಕ್ಕಾಗಿ ಹಾಡು ಮುಗಿದ ಕೂಡಲೆ ಗಾಯಕಿಯು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗೌಹರ್ ಜಾನರು ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಕಂಠವನ್ನು ನಾವು ಇಂದಿಗೂ ಕೇಳಬಹುದು. ಆ ತಟ್ಟೆಗಳನ್ನು ಹಣ ಕೊಟ್ಟು ಕೊಂಡು, ಹಳೆಯ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ಯಾರುಯಾರೋ ಗೃಹಸ್ಥರಿಗೆ ಇದರ ಪುಣ್ಯದ ಬಹುಭಾಗ ಸಲ್ಲಬೇಕು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸಂಸ್ಥೆಯು ಇಂಥ ತಟ್ಟೆಗಳಿಂದಲೇ ಹಳೆಯ ಗಾಯನವನ್ನು ಅಂಕಿಗಳಿಗೆ ಇಳಿಸಿಟ್ಟಿದೆ.

ಪ್ರತಿಯ ಪ್ರತಿ

ಫಿಲಿಪ್ಸ್ ಕಂಪನಿಯು 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಿತು. ಕನ್ನಡಕ್ಕೆ ಅದು ಮಾಡಿದ ಉಪಕಾರ ಸಾಮಾನ್ಯವಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ'ವು 1978ರಲ್ಲಿ ಬಂದಿತು. ಅದರ ಹಿಂದೆ ಭಾವಗೀತೆಗಳ ಕ್ಯಾಸೆಟ್ಟುಗಳು ಸಾಲುಸಾಲಾಗಿ ಮನೆಮನೆಗೆ ಬಂದವು. ತಟ್ಟೆಯನ್ನು ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ಟನ್ನು ತುಂಬಲು ಒಂದು ಕೋಣೆ ಸಾಕು. ಆದುದರಿಂದಲೇ ನಮ್ಮ ಕಡೆಯ ತತ್ತ್ವಪದ, ಭಜನೆ, ಮೊಹರಂ ಪದಗಳೂ ಫೀತೆಯ ಮೇಲೆ ಏರುವುದು ಸಾಧ್ಯವಾಯಿತು. ಸಣ್ಣ ಸಣ್ಣ ಕಂಪನಿಗಳು ಹೊರಡಿಸಿದ ಆ ಕ್ಯಾಸೆಟ್ಟುಗಳಲ್ಲಿದ್ದುದೆಲ್ಲವೂ ಇಂದಿನ ಸ್ಟ್ರೀಮಿಂಗ್ ಸೇವೆಗಳಲ್ಲಿ ಇದೆಯೆಂದು ಯಾರೂ ಭಾವಿಸಬಾರದು.

ಫೀತೆಯ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದಕ್ಕೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಲೇಪಿಸಿರುವರು. ಪ್ರತಿಯೊಂದು ಕಣವೂ ಪುಟ್ಟ ಅಯಸ್ಕಾಂತ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವ ಫೀತೆಯಲ್ಲಿ 10,000 ಹರ್ಟ್ಸ್ ಸ್ವರದ ಒಂದು ಅಲೆಯು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಿರಿದಾದ ಸ್ಥಳದಲ್ಲಿ ಅಡಗಬೇಕು. ಅಷ್ಟು ಚಿಕ್ಕ ಜಾಗದಲ್ಲಿ ಕಣಗಳ ಅಡ್ಡಾದಿಡ್ಡಿಯಾದ ಜೋಡಣೆಯೇ ಒಂದು ಸದ್ದಾಗಿ ಕೇಳಿಸುವುದು. ಹಾಡಿನ ಹಿಂದೆ ಸುಯ್ಯೆನ್ನುವ ಆ ಸದ್ದನ್ನು ಕ್ಯಾಸೆಟ್ಟಿನ ಕಾಲದವರು ಮರೆತಿರಲಾರರು.

ಈಗ ಒಬ್ಬ ಗೆಳೆಯನ ಕ್ಯಾಸೆಟ್ಟಿನಿಂದ ಮತ್ತೊಬ್ಬನು ಪ್ರತಿ ಮಾಡಿಕೊಂಡನೆನ್ನೋಣ. ಮೊದಲನೆಯ ಫೀತೆಯ ಸದ್ದು ಹಾಡಿನೊಡನೆ ಎರಡನೆಯದಕ್ಕೆ ಬಂದಿತು. ಎರಡನೆಯದು ತನ್ನ ಸದ್ದನ್ನೂ ಕೂಡಿಸಿತು. ಇಂಥ ಸದ್ದುಗಳ ಶಕ್ತಿ ಒಂದಕ್ಕೊಂದು ಕೂಡುವುದು. ಎರಡನೆಯ ಫೀತೆಯಲ್ಲಿ ಸದ್ದು ಎರಡರಷ್ಟು, ಹತ್ತನೆಯದರಲ್ಲಿ ಹತ್ತರಷ್ಟು; ಡೆಸಿಬೆಲ್ ಲೆಕ್ಕದಲ್ಲಿ ಹೇಳುವುದಾದರೆ ಕ್ರಮವಾಗಿ 3 ಮತ್ತು 10 ಡೆಸಿಬೆಲ್ ನಷ್ಟ. ಮೇಲಿನ ಸ್ವರಗಳು ಮಂಕಾಗುವುದು, ಓಟದ ಏರುಪೇರು ಬೆರೆಯುವುದು ಬೇರೆ. ಯಾರೂ ತಪ್ಪು ಮಾಡದಿದ್ದರೂ ಪ್ರತಿಯಿಂದ ಪ್ರತಿಗೆ ಹಾಡು ಕ್ಷೀಣಿಸುತ್ತಲೇ ಹೋಗುವುದು. ಪ್ರತಿ ಮಾಡದೆ ಬಿಟ್ಟರೋ, ಮೂಲ ಫೀತೆಯೇ ಶಾಖಕ್ಕೆ ಅಂಟಾಗಿ, ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುವುದು. ಹಾಡನ್ನು ಉಳಿಸಬೇಕೆನ್ನುವವನಿಗೆ ಇದೊಂದು ಇಕ್ಕಟ್ಟು.

ಅಂಕಿಗಳ ಪವಾಡ

ಈ ಇಕ್ಕಟ್ಟಿನಿಂದ ನಮ್ಮನ್ನು ಬಿಡಿಸಿದುದು, 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕಿನೊಂದಿಗೆ ಮಾರುಕಟ್ಟೆಗೆ ಬಂದ ಅಂಕೀಯ ಪದ್ಧತಿ. ಇದರಲ್ಲಿ ಅಲೆಯ ಆಕಾರವನ್ನು ಕೊರೆಯುವುದಿಲ್ಲ. ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿ ಬರೆದಿಡುವರು. ಮನುಷ್ಯನ ಕಿವಿಗೆ 20,000 ಹರ್ಟ್ಸಿಗಿಂತ ಮೇಲಿನ ಸ್ವರ ಕೇಳಿಸದು. ಯಾವ ಅಲೆಯನ್ನಾದರೂ ಸರಿಯಾಗಿ ಮತ್ತೆ ಕಟ್ಟಬೇಕಾದರೆ ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕೆಂಬುದು ಗಣಿತದ ನಿಯಮ. ಹಾಗಾದರೆ 40,000ಕ್ಕೆ ಸ್ವಲ್ಪ ಮೇಲೆ ಸಾಕು. 44,100 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆಗ ಅಂಕಿಗಳನ್ನು ಟೆಲಿವಿಷನ್ ಚಿತ್ರದ ಫೀತೆಯ ಮೇಲೆ ಬರೆದಿಡುತ್ತಿದ್ದರು. ಒಂದು ಗೆರೆಗೆ 3 ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿ ನೋಡಿರಿ.

ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಎಂಬ 16 ಗುರುತುಗಳಲ್ಲಿ ಬರೆಯುವರು. ಎಡ ಬಲ ಎರಡು ಕಿವಿಗೂ ಸೇರಿ ಸೆಕೆಂಡಿಗೆ 14,11,200 ಗುರುತುಗಳಾದವು. ಇಷ್ಟು ಶ್ರಮದಿಂದ ಆದ ಲಾಭವೇನು? ಸೊನ್ನೆಯನ್ನು 0 ವೋಲ್ಟಿನಿಂದಲೂ ಒಂದನ್ನು 1 ವೋಲ್ಟಿನಿಂದಲೂ ಸೂಚಿಸಿದ್ದೇವೆಂದು ಭಾವಿಸಿ. ದಾರಿಯಲ್ಲಿ ಸದ್ದು ಸೇರಿ ಅವು 0.1 ಮತ್ತು 0.9 ಆದುವು. ಓದುವ ಯಂತ್ರವು ಅರ್ಧಕ್ಕಿಂತ ಕೆಳಗಿನದೆಲ್ಲ ಸೊನ್ನೆ, ಮೇಲಿನದೆಲ್ಲ ಒಂದು ಎಂದು ತೀರ್ಮಾನಿಸಿ, ಹೊಸ ಪ್ರತಿಯಲ್ಲಿ ಮತ್ತೆ ಶುದ್ಧವಾದ 0 ಮತ್ತು 1ನ್ನೇ ಬರೆಯುವುದು. ಸೇರಿದ ಸದ್ದು ಅಲ್ಲಿಯೇ ಬಿದ್ದುಹೋಯಿತು. ಹತ್ತನೆಯ ಪ್ರತಿ ಮಾತ್ರವಲ್ಲ, ಹತ್ತು ಸಾವಿರದ ಪ್ರತಿಯೂ ಮೂಲದಂತೆಯೇ. ಡಿಸ್ಕಿನ ಮೇಲೆ ಗೀರು ಬಿದ್ದರೂ, 1960ರಲ್ಲಿ ರೀಡ್ ಮತ್ತು ಸಾಲಮನ್ ಎಂಬ ಗಣಿತಜ್ಞರು ಪ್ರಕಟಿಸಿದ ಸಂಕೇತಪದ್ಧತಿಯ ನೆರವಿನಿಂದ, ಸುಮಾರು 2.5 ಮಿಲಿಮೀಟರ್ ಉದ್ದದ ಗುರುತುಗಳು ಪೂರ್ತಿ ಅಳಿಸಿಹೋಗಿದ್ದರೂ ಯಂತ್ರವು ಅವನ್ನು ಲೆಕ್ಕಹಾಕಿ ತುಂಬಿಕೊಳ್ಳಬಲ್ಲುದು.

ಪ್ರತಿಗಳು ಕ್ಷೀಣಿಸದೆ ಇರುವ ಸ್ಥಿತಿಯು ಧ್ವನಿಮುದ್ರಣದ ಚರಿತ್ರೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಆಶ್ಚರ್ಯವೇನೆಂದರೆ, ಸವೆಯದ ಪ್ರತಿಯು ಕೈಗೆ ಬಂದ ಒಂದು ತಲೆಮಾರಿನೊಳಗೇ ನಾವು ಪ್ರತಿಯನ್ನು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟುಬಿಟ್ಟೆವು.

ಇಲ್ಲಿ ಎಂಪಿ3 ಎಂಬ ರೂಪದ ಬಗ್ಗೆ ಒಂದು ಮಾತು. ಬೀದರಿನ ವಾಯುನೆಲೆಯ ತರಬೇತಿ ವಿಮಾನಗಳು ಚಿದ್ರಿಯ ಕಡೆ ತಗ್ಗಾಗಿ ಹಾರಿದಾಗ ಎದುರಿಗಿದ್ದವರ ತುಟಿ ಆಡುವುದು ಕಾಣುವುದೇ ಹೊರತು ಮಾತು ಕೇಳಿಸದು. ಅವರ ಮಾತು ನಿಂತಿಲ್ಲ. ದೊಡ್ಡ ಶಬ್ದವು ಚಿಕ್ಕದನ್ನು ಕಿವಿಯಲ್ಲಿ ಮರೆಮಾಡಿದೆ. ಹಾಡಿನೊಳಗೂ ಕ್ಷಣಕ್ಷಣಕ್ಕೂ ಹೀಗೆ ಆಗುತ್ತಿರುವುದು: ಗಟ್ಟಿಯಾದ ಸ್ವರದ ಪಕ್ಕದ ಮೆಲುಸ್ವರ ನಮಗೆ ಕೇಳಿಸುವುದಿಲ್ಲ. ಕೇಳಿಸದುದನ್ನು ಬರೆದಿಡುವುದೇಕೆಂದು ಎಂಪಿ3 ಅದನ್ನು ಬಿಟ್ಟುಬಿಡುವುದು. ಐದು ಮಿನಿಟಿನ ಹಾಡು ಡಿಸ್ಕಿನಲ್ಲಿ ಸುಮಾರು 53 ಮೆಗಾಬೈಟ್. ಸೆಕೆಂಡಿಗೆ 3,20,000 ಬಿಟ್‌ಗಳ ಉತ್ತಮ ಎಂಪಿ3ಯಲ್ಲಿ 12. 1,28,000ದ ಸಾಧಾರಣವಾದುದರಲ್ಲಿ 5ಕ್ಕೂ ಕಡಿಮೆ. ಆದರೆ ಬಿಟ್ಟದ್ದು ಬಿಟ್ಟಂತೆಯೇ, ಮತ್ತೆ ಬಾರದು. ಒಂದು ಎಂಪಿ3ಯನ್ನು ಬಿಚ್ಚಿ ಇನ್ನೊಂದು ಎಂಪಿ3 ಮಾಡಿದರೆ ಕ್ಯಾಸೆಟ್ಟಿನ ಹಳೆಯ ಕ್ಷಯರೋಗ ಮರುಕಳಿಸುವುದು. ಫ್ಲಾಕ್ ಎಂಬ ಇನ್ನೊಂದು ರೂಪವು ಏನನ್ನೂ ಬಿಡದೆ, ಬರವಣಿಗೆಯನ್ನು ಮಾತ್ರ ಒತ್ತಾಗಿ ಮಡಿಸಿ, ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವುದು. ತಂಬೂರಿಯ ನಾದದಲ್ಲಿರುವ ಮೇಲುಸ್ವರಗಳ ಸಮೃದ್ಧಿಯನ್ನು ಸಿ. ವಿ. ರಾಮನ್ನರು 1921ರಲ್ಲಿಯೇ ವಿವರಿಸಿದ್ದರು. ಜವಾರಿಯ ಮೇಲೆ ತಂತಿಯು ಸವರಿಕೊಂಡು ಕಂಪಿಸುವುದೇ ಅದಕ್ಕೆ ಕಾರಣ. ಅಂಥ ನಾದವನ್ನು ಇಟ್ಟುಕೊಳ್ಳುವಾಗ ನಾವಂತೂ ಫ್ಲಾಕನ್ನೇ ಆರಿಸುವೆವು.

ಬೀಗದ ಕೈ ಯಾರಲ್ಲಿ?

ಅಂಕಿಗಳ ಸಾಲಾದ ಹಾಡನ್ನು ಎರಡು ಬಗೆಯಾಗಿ ಮಾರಬಹುದು. ಸಾಲನ್ನೇ ಕೊಟ್ಟುಬಿಡುವುದು ಒಂದು. ಸಾಲನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಕೇಳಿದಾಗಲೆಲ್ಲ ಹರಿಯಬಿಡುವುದು ಇನ್ನೊಂದು. ನಮ್ಮ ರಾಜ್ಯದಲ್ಲಿಯೇ ಮೊದಲನೆಯದರ ಉದಾಹರಣೆಯೊಂದು ನಡೆದುಹೋಗಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಅಂಗಡಿಯನ್ನು ತೆರೆದು ಒಂದೊಂದು ಹಾಡನ್ನೂ ಬೀಗವಿಲ್ಲದ ಎಂಪಿ3 ಫೈಲಾಗಿ ಮಾರಿತು. ವ್ಯಾಪಾರ ಗಿಟ್ಟಲಿಲ್ಲ, 2013ರ ಜೂನಿನಲ್ಲಿ ಅಂಗಡಿ ಮುಚ್ಚಿತು. ಆದರೆ ಅಲ್ಲಿ ಹಾಡು ಕೊಂಡು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡವರಿಗೆ ಏನೂ ನಷ್ಟವಾಗಲಿಲ್ಲ. ಆ ಫೈಲುಗಳು ಇಂದಿಗೂ ಹಾಡುವುವು.

ಎರಡನೆಯದರ ಗತಿ ಬೇರೆ. ರೆಸ್ಸೋ ಎಂಬ ಸೇವೆಯು 2024ರ ಜನವರಿ ಕೊನೆಗೆ ಭಾರತದಲ್ಲಿ ನಿಂತಿತು. ಏರ್‌ಟೆಲ್ ಸಂಸ್ಥೆಯು ತನ್ನ ವಿಂಕ್ ಸೇವೆಯನ್ನು ಮುಚ್ಚುವುದಾಗಿ ಅದೇ ವರ್ಷ ಆಗಸ್ಟಿನಲ್ಲಿ ಪ್ರಕಟಿಸಿತು. ಸೇವೆ ನಡೆಯುತ್ತಿದ್ದರೂ ಹಾಡು ಹೋಗಬಹುದು: 2023ರ ಮಾರ್ಚಿಯಲ್ಲಿ ಸ್ಪಾಟಿಫೈ ಮತ್ತು ಜೀ ಮ್ಯೂಸಿಕ್ ಕಂಪನಿಗಳ ನಡುವಣ ಒಪ್ಪಂದವು ಮುಂದುವರಿಯದೆ, ಜೀ ಸಂಸ್ಥೆಗೆ ಸೇರಿದ ಹಾಡುಗಳು ಒಮ್ಮೆಗೇ ಕಾಣೆಯಾದುವು.

ಇಲ್ಲಿ ವಿದ್ಯಾರ್ಥಿಯೊಬ್ಬನು ಆಕ್ಷೇಪಿಸಬಹುದು: "ನಾನು ಹಾಡನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೇನೆ, ಇಂಟರ್ನೆಟ್ ಇಲ್ಲದೆಯೂ ಅದು ಹಾಡುತ್ತದೆ." ನಿಜ, ಅಂಕಿಗಳ ಸಾಲು ಅವನ ಫೋನಿನಲ್ಲಿಯೇ ಇದೆ. ಆದರೆ ಅದನ್ನು ಗೂಢಲಿಪಿಯಲ್ಲಿ ಬರೆದಿದೆ. ಗೂಢಲಿಪಿಯನ್ನು ಬಿಡಿಸುವ ಬೀಗದ ಕೈ ಒಂದು ಸಂಖ್ಯೆ. ಅದು ಆ್ಯಪ್‌ನ ವಶದಲ್ಲಿರುವುದು. ಕಾಲಕಾಲಕ್ಕೆ ಆ್ಯಪ್ ಕಂಪನಿಯ ಕಂಪ್ಯೂಟರನ್ನು ಸಂಪರ್ಕಿಸಿ, ಚಂದಾ ಬಂದಿದೆಯೆ ಎಂದು ವಿಚಾರಿಸಿಕೊಳ್ಳುವುದು. ಇಲ್ಲವೆಂಬ ಉತ್ತರ ಬಂದರೆ ಅಂಕಿಗಳೆಲ್ಲ ಇದ್ದಲ್ಲಿಯೇ ಇದ್ದರೂ ಹಾಡು ಇಲ್ಲ. ಕಣಜ ನಮ್ಮ ಮನೆಯಲ್ಲಿ, ಕೀಲಿ ಸಾಹುಕಾರನ ಮನೆಯಲ್ಲಿ!

ಹಣದ ಲೆಕ್ಕವೂ ಹೀಗೆಯೇ. ತಿಂಗಳಿಗೆ 100 ರೂಪಾಯಿ ಚಂದಾ ಎಂದು ಹಿಡಿದರೆ ಹತ್ತು ವರ್ಷಕ್ಕೆ 12,000 ರೂಪಾಯಿ. ಅಷ್ಟು ಕಾಲ ಲಕ್ಷಗಟ್ಟಲೆ ಹಾಡುಗಳ ಬಾಗಿಲು ತೆರೆದಿತ್ತೆಂಬುದು ಸುಳ್ಳಲ್ಲ. ಅದರ ಉಪಯೋಗವನ್ನು ಅಲ್ಲಗಳೆಯುವುದು ಅನ್ಯಾಯ. ಹೊಸ ಗಾಯಕರ ಪರಿಚಯಕ್ಕೆ, ಒಮ್ಮೆ ಕೇಳಿ ಬಿಡುವ ಹಾಡಿಗೆ, ಕಡಿಮೆ ಹಣವುಳ್ಳ ವಿದ್ಯಾರ್ಥಿಗೆ ಸ್ಟ್ರೀಮಿಂಗ್ ಒಳ್ಳೆಯ ವಾಚನಾಲಯ. ವಾಚನಾಲಯದ ಸದಸ್ಯನಾದವನು ತನಗೆ ಬೇಕೇ ಬೇಕಾದ ನಾಲ್ಕು ಪುಸ್ತಕಗಳನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವೆ? ವರ್ಷಕ್ಕೆ ನೂರು ಸಲ ಕೇಳುವ ಹಾಡನ್ನು ಹಾಗೆಯೇ ಕೊಳ್ಳುವುದು ಯುಕ್ತ. ಬ್ಯಾಂಡ್‌ಕ್ಯಾಂಪಿನಂಥ ಕಡೆ ಗಾಯಕರೇ ಬೀಗವಿಲ್ಲದ ಫ್ಲಾಕ್ ಫೈಲುಗಳನ್ನು ಮಾರುತ್ತಾರೆ. ಕನ್ನಡದ ಹಾಡುಗಳೆಲ್ಲ ಹೀಗೆ ಸಿಗುವುದಿಲ್ಲವೆಂಬುದು ಖೇದದ ಸಂಗತಿ; ಹಳೆಯ ಹಾಡುಗಳಿಗೆ ಹಳೆಯ ಡಿಸ್ಕುಗಳನ್ನೂ ಕ್ಯಾಸೆಟ್ಟುಗಳನ್ನೂ ಹುಡುಕಬೇಕಾಗುವುದು. ಮನೆಯ ಹಿರಿಯರ ಅಟ್ಟದ ಮೇಲೆ ಮೊದಲು ಹುಡುಕಿರಿ.

ಕಾನೂನಿನ ಪ್ರಶ್ನೆ ಏಳುವುದು ಸಹಜ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ನಡೆಯುವುದು. 1960ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2020ರ ಕೊನೆಗೆ ಮುಗಿಯಿತು. ಪದ್ಯದ ಹಕ್ಕೂ ಸ್ವರಸಂಯೋಜನೆಯ ಹಕ್ಕೂ ಬೇರೆಯಾಗಿ ಉಳಿದಿರಬಹುದು. ಸ್ವಂತದ ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯವಾದ ಬಳಕೆಗೆ ಕಾಯಿದೆಯಲ್ಲಿ ಅವಕಾಶವುಂಟು. ಕೊಂಡ ಡಿಸ್ಕನ್ನು ಫೈಲಾಗಿ ಇಳಿಸಿಕೊಂಡು ಮನೆಯಲ್ಲಿ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಇಟ್ಟುಕೊಳ್ಳುವ ಬಗೆ

ಕೊಂಡರಷ್ಟೇ ಸಾಲದು. ಸವೆಯದುದು ಅಂಕಿಗಳ ಸಾಲು. ಅದನ್ನು ಹೊತ್ತಿರುವ ವಸ್ತು ಸವೆಯುವುದು. ಮೆಮರಿ ಕಾರ್ಡಿನಲ್ಲಿ ಬಿಟ್ ಎಂದರೆ ಅವಾಹಕದ ಗೋಡೆಗಳ ನಡುವೆ ಕೂಡಿಹಾಕಿದ ಕೆಲವು ಎಲೆಕ್ಟ್ರಾನುಗಳು. ಗೋಡೆ ಎಷ್ಟೇ ಭದ್ರವಾಗಿದ್ದರೂ ಅವು ಒಂದೊಂದಾಗಿ ಸೋರಿಹೋಗುತ್ತಲೇ ಇರುವುವು. ಶಾಖ ಹೆಚ್ಚಿದಂತೆಲ್ಲ ಸೋರಿಕೆಯೂ ಹೆಚ್ಚು. ಉಷ್ಣಮಾನ 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಿನಲ್ಲಿ, ತಗಡಿನ ಮಾಡಿನ ಕೆಳಗೆ, ವರ್ಷಗಟ್ಟಲೆ ಮರೆತುಬಿಟ್ಟ ಕಾರ್ಡನ್ನು ನಂಬಬಾರದು. ಹಾರ್ಡ್ ಡಿಸ್ಕಿನಲ್ಲಿ ಗುರುತು ಕಾಂತೀಯವಾದುದು. ಅಲ್ಲಿ ಗುರುತಿಗಿಂತ ಮೊದಲು ತಿರುಗುವ ಯಂತ್ರವೇ ಕೆಡುವುದು ಸಾಮಾನ್ಯ.

ಪರಿಹಾರವು ಸಂಭಾವ್ಯತೆಯ ಗಣಿತದಲ್ಲಿದೆ. ಒಂದು ಪ್ರತಿಯು ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ ಐದು ಎಂದು ಊಹಿಸೋಣ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪ್ರತಿಗಳಿದ್ದರೆ, ಮೂರೂ ಅದೇ ವರ್ಷ ಕೆಡುವ ಸಂಭವ ಇಪ್ಪತ್ತರ ಘನಕ್ಕೆ ಒಂದು, ಅಂದರೆ 8,000ಕ್ಕೆ ಒಂದು. ಕೆಟ್ಟ ಪ್ರತಿಯನ್ನು ಕೂಡಲೆ ಹೊಸದಾಗಿ ಮಾಡಿಕೊಂಡರೆ ಪ್ರತಿ ವರ್ಷವೂ ಇಷ್ಟೇ ಅಪಾಯ. ಒಂದಕ್ಕೊಂದು ಸಂಬಂಧವಿಲ್ಲದ ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಒಂದೇ ಪೆಟ್ಟಿಗೆಯಲ್ಲಿಟ್ಟ ಮೂರು ಪ್ರತಿಗಳು ಕಳ್ಳನಿಗೂ ಬೆಂಕಿಗೂ ಒಂದೇ ಪ್ರತಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ಅಕ್ಕನ ಮನೆಯಲ್ಲಿ ಒಂದು ಇದ್ದರೆ ಲೆಕ್ಕ ಸರಿಹೋಗುವುದು. 64 ಗಿಗಾಬೈಟಿನ ಒಂದು ಸಣ್ಣ ಕಾರ್ಡಿನಲ್ಲಿ, ಹಾಡಿಗೆ 30 ಮೆಗಾಬೈಟಿನಂತೆ ಫ್ಲಾಕ್ ರೂಪದಲ್ಲಿಯೇ 2,100 ಹಾಡುಗಳು ಹಿಡಿಯುವುವು. ನಿಲ್ಲದೆ ಕೇಳಿದರೆ ಒಂದು ವಾರಕ್ಕೂ ಮೀರುವುದು.

ದೊಡ್ಡ ಕಂಪನಿಗಳು ಇದನ್ನೆಲ್ಲ ನಮಗಿಂತ ಚೆನ್ನಾಗಿ ಮಾಡುವುವೆಂದು ನಂಬುವವರು ಎರಡು ಸಂಗತಿಗಳನ್ನು ಗಮನಿಸಬೇಕು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಅನೇಕ ಗಾಯಕರ ಮೂಲಫೀತೆಗಳು ಸುಟ್ಟುಹೋದುವು. ಹಾನಿಯ ವಿಸ್ತಾರ ಜನರಿಗೆ ತಿಳಿದದ್ದು 2019ರಲ್ಲಿ. ಅದೇ 2019ರಲ್ಲಿ ಮೈಸ್ಪೇಸ್ ಎಂಬ ಅಂತರ್ಜಾಲ ತಾಣವು, 2003ರಿಂದ 2015ರವರೆಗೆ ಜನರು ತನ್ನಲ್ಲಿ ತಂದಿಟ್ಟಿದ್ದ ಹಾಡುಗಳು, ಯಂತ್ರಗಳನ್ನು ಬದಲಾಯಿಸುವಾಗ ನಷ್ಟವಾದುವೆಂದು ಒಪ್ಪಿಕೊಂಡಿತು. ಅವು ಸುಮಾರು 5 ಕೋಟಿಯೆಂದು ಅಂದಾಜು. ಅವುಗಳಲ್ಲಿ ಸುಮಾರು 4,90,000 ಹಾಡುಗಳು ಆಮೇಲೆ ದೊರೆತುವು. ಅವು ದೊರೆತದ್ದು ಕಂಪನಿಯಲ್ಲಲ್ಲ. ಕೆಲವು ವರ್ಷಗಳ ಹಿಂದೆ ತಮ್ಮ ಅಧ್ಯಯನಕ್ಕೆಂದು ಪ್ರತಿ ಮಾಡಿಟ್ಟುಕೊಂಡಿದ್ದ ಕೆಲವು ಸಂಶೋಧಕರ ಬಳಿಯಲ್ಲಿ.

ಪ್ರತಿಗಳು ಒಂದೇ ಆಗಿವೆಯೆ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸುವುದು ಕಷ್ಟವಲ್ಲ. ಹಾಜರಿ ಪುಸ್ತಕದ ಪ್ರತಿ ಸಾಲಿನ ಕೊನೆಯಲ್ಲಿ ಮೊತ್ತ ಬರೆದಿಟ್ಟರೆ, ಒಂದು ಗುರುತು ಬದಲಾದರೂ ಮೊತ್ತ ತಾಳೆಯಾಗದು. ಇಂಥದೇ ಆದರೆ ಬಹು ಸೂಕ್ಷ್ಮವಾದ ಮೊತ್ತವನ್ನು ಫೈಲಿಗೂ ಲೆಕ್ಕಹಾಕಬಹುದು. ಚೆಕ್‌ಸಮ್ ಎಂಬ ಹೆಸರಿನ ಈ ಸಾಧನ ಉಚಿತವಾಗಿ ಸಿಗುವುದು. ಕೋಟ್ಯಂತರ ಬಿಟ್‌ಗಳಲ್ಲಿ ಒಂದು ತಿರುವುಮುರುವಾದರೂ ಅದು ಹಿಡಿದುಕೊಡುವುದು.

ಉಳಿದಿರುವುದು ಹೆಸರಿನ ಕೆಲಸ. ಗೌಹರ್ ಜಾನರು ಹಾಡಿನ ಕೊನೆಯಲ್ಲಿ ಕೂಗಿ ಹೇಳುತ್ತಿದ್ದುದನ್ನು ಇಂದು ಫೈಲಿನೊಳಗಿನ ಟ್ಯಾಗ್ ಎಂಬ ಚೀಟಿಯಲ್ಲಿ ಬರೆಯುವರು. ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಅಂಗಡಿಯಿಂದ ಕೊಂಡ ಹಾಡಿಗೆ ಚೀಟಿ ಬರೆದೇ ಬರುವುದು. ಅಟ್ಟದಿಂದಿಳಿಸಿದ ಕ್ಯಾಸೆಟ್ಟಿಗೆ ಬರುವುದಿಲ್ಲ. ಅಜ್ಜಿಯು ಹಾಡಿದ ಬೀಸುಕಲ್ಲಿನ ಪದವನ್ನೋ, ಊರಿನ ಭಜನಾ ಮಂಡಳಿಯ ತತ್ತ್ವಪದವನ್ನೋ ಫೋನಿನಲ್ಲಿ ಮುದ್ರಿಸಿಕೊಂಡವರು ಅದಕ್ಕೆ ಅಂದೇ ಚೀಟಿ ಬರೆಯಲಿ: ಹಾಡಿದವರ ಹೆಸರು, ಊರು, ತಾಲ್ಲೂಕು, ತಾರೀಖು, ಹಾಡು ಯಾರಿಂದ ಕಲಿತದ್ದು. ಇವುಗಳಲ್ಲಿ ಯಾವುದನ್ನೂ ಯಂತ್ರವು ಹಾಡಿನ ಅಲೆಯಿಂದ ಲೆಕ್ಕಹಾಕಿ ಹೇಳಲಾರದು. ಬಲ್ಲವರನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.